ಕೊನೆಯ ವೇತನದ ಪಿಂಚಣಿಯಿಂದ ವಂತಿಕೆಯ ಪಿಂಚಣಿಗೆ: ಸದಸ್ಯರು ಅರಿತಿರಬೇಕಾದ ಲೆಕ್ಕ

ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲೂಕುಗಳ ಯಾವುದೇ ಗ್ರಾಮ ಪಂಚಾಯತಿಯ ವ್ಯಾಪ್ತಿಯಲ್ಲಿ ಸಾರ್ವಜನಿಕ ಸೇವೆ ಸಲ್ಲಿಸುವವರ ವೃದ್ಧಾಪ್ಯ ಒಂದೇ ಬಗೆಯದಾಗಿಲ್ಲ. 2006ಕ್ಕಿಂತ ಮೊದಲು ಸೇವೆಗೆ ಸೇರಿದ ಶಿಕ್ಷಕರಿಗೆ ಒಂದು ಬಗೆಯ ಪಿಂಚಣಿಯಿದೆ. ಅದೇ ಶಾಲೆಯಲ್ಲಿ ನಂತರ ಸೇರಿದ ಶಿಕ್ಷಕರಿಗೆ ಇನ್ನೊಂದು ಬಗೆಯದಿದೆ. ಶಾಲೆಗೆ ನೀರು ಬಿಡುವ ಪಂಚಾಯತಿಯ ನೀರಗಂಟಿಗೆ ಈ ಎರಡೂ ಅನ್ವಯಿಸುವುದಿಲ್ಲ. ನಿವೃತ್ತಿಯ ಕಾಲದಲ್ಲಿ ಇವರು ಅಥವಾ ಇವರ ಕುಟುಂಬದವರು ಸಲಹೆ ಕೇಳಿ ಮೊದಲು ಬರುವುದು ವಾರ್ಡಿನ ಸದಸ್ಯರ ಬಳಿಗೆ. ಆದ್ದರಿಂದ ಈ ವ್ಯತ್ಯಾಸದ ಮೂಲವನ್ನೂ ಪರಿಣಾಮವನ್ನೂ ಸದಸ್ಯರು ತಿಳಿದಿರುವುದು ಅವಶ್ಯಕ.

1. ಕೊನೆಯ ವೇತನದ ಪಿಂಚಣಿ ಎಂದರೇನು?

ಸಾಮಾನ್ಯವಾಗಿ ‘ಹಳೆಯ ಪಿಂಚಣಿ’ ಎಂದು ಕರೆಯಲ್ಪಡುವ ಈ ವ್ಯವಸ್ಥೆಯು ಎರಡು ಅಂಶಗಳ ಮೇಲೆ ನಿಂತಿದೆ: ನೌಕರರು ನಿವೃತ್ತಿಯ ಹೊತ್ತಿಗೆ ಪಡೆಯುತ್ತಿದ್ದ ಮೂಲ ವೇತನ ಮತ್ತು ಅವರ ಅರ್ಹತಾದಾಯಕ ಸೇವೆಯ ವರ್ಷಗಳು. ಪೂರ್ಣ ಸೇವೆ ಇದ್ದಲ್ಲಿ ಕೊನೆಯ ಮೂಲ ವೇತನದ ಶೇ. 50ರಷ್ಟು ಮಾಸಿಕ ಪಿಂಚಣಿ ದೊರೆಯುತ್ತದೆ. ಸೇವೆ ಕಡಿಮೆ ಇದ್ದರೆ ಪಿಂಚಣಿಯೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಪಿಂಚಣಿಗೆ ಅರ್ಹತೆ ಪಡೆಯಲು ಕನಿಷ್ಠ 10 ವರ್ಷಗಳ ಸೇವೆ ಬೇಕು. ಪಿಂಚಣಿಯ ಮೇಲೆ ಕಾಲಕಾಲಕ್ಕೆ ತುಟ್ಟಿಭತ್ಯೆ ಸೇರುತ್ತದೆ. ಪಿಂಚಣಿದಾರರು ಮೃತರಾದರೆ ಕುಟುಂಬಕ್ಕೆ ಕುಟುಂಬ ಪಿಂಚಣಿ ಮುಂದುವರಿಯುತ್ತದೆ. ಈ ಪಿಂಚಣಿಗಾಗಿ ನೌಕರರ ವೇತನದಿಂದ ಕಡಿತವಿಲ್ಲ. ಹೊಣೆ ಸಂಪೂರ್ಣವಾಗಿ ಸರ್ಕಾರದ್ದು.

2. 1-4-2006ರಂದು ಬದಲಾದದ್ದೇನು?

ಕೇಂದ್ರ ಸರ್ಕಾರವು 1-1-2004ರಿಂದ ಹೊಸದಾಗಿ ಸೇವೆಗೆ ಸೇರಿದವರನ್ನು ಹಳೆಯ ವ್ಯವಸ್ಥೆಯಿಂದ ಹೊರಗಿಟ್ಟಿತು. ಕರ್ನಾಟಕದಲ್ಲಿ 1-4-2006ರಂದು ಹಾಗೂ ಅನಂತರ ನೇಮಕಗೊಂಡವರಿಗೆ ರಾಷ್ಟ್ರೀಯ ಪಿಂಚಣಿ ವ್ಯವಸ್ಥೆ, ಅಂದರೆ ಎನ್‌ಪಿಎಸ್ ಅನ್ವಯವಾಯಿತು. ಇದರಂತೆ ನೌಕರರು ತಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟನ್ನು ಪ್ರತಿ ತಿಂಗಳು ವಂತಿಕೆಯಾಗಿ ನೀಡುತ್ತಾರೆ. ಸರ್ಕಾರದ ವಂತಿಕೆ ಆರಂಭದಲ್ಲಿ ಶೇ. 10 ಇದ್ದು, 2019ರಲ್ಲಿ ಶೇ. 14ಕ್ಕೆ ಏರಿತು. ಈ ಹಣ ನೌಕರರ ಪ್ರಾನ್ ಸಂಖ್ಯೆಯ ಖಾತೆಗೆ ಜಮೆಯಾಗಿ, ಪಿಂಚಣಿ ನಿಧಿಗಳ ಮೂಲಕ ಹೂಡಿಕೆಯಾಗುತ್ತದೆ. ವಯೋನಿವೃತ್ತಿಯ ಸಮಯದಲ್ಲಿ ಸಂಚಿತ ಮೊತ್ತದ ಶೇ. 60ರವರೆಗೆ ಕೈಗೆ ಪಡೆಯಬಹುದು. ಉಳಿದ ಕನಿಷ್ಠ ಶೇ. 40ರಲ್ಲಿ ವಿಮಾ ಸಂಸ್ಥೆಯಿಂದ ವರ್ಷಾಶನವನ್ನು ಖರೀದಿಸಬೇಕು. ಮಾಸಿಕ ಪಿಂಚಣಿ ಬರುವುದು ಆ ವರ್ಷಾಶನದಿಂದಲೇ.

ಈ ಭಾಗದ ರೈತರಿಗೆ ಈ ವ್ಯತ್ಯಾಸ ಹೊಸದಲ್ಲ. ಹೊಲವನ್ನು ಲಾವಣಿಗೆ ಕೊಟ್ಟವರಿಗೆ ಮಳೆ ಬಂದರೂ ಹೋದರೂ ಗೊತ್ತುಪಡಿಸಿದ ಹಣ ಬರುತ್ತದೆ. ಪಾಲಿಗೆ ಕೊಟ್ಟವರಿಗೆ ತೊಗರಿ ಎಷ್ಟು ಬೆಳೆಯಿತೋ ಅಷ್ಟರಲ್ಲಿ ಪಾಲು. ಹಳೆಯ ಪಿಂಚಣಿ ಲಾವಣಿಯಂತೆ, ಎನ್‌ಪಿಎಸ್ ಪಾಲಿನಂತೆ. ನಷ್ಟದ ಭಯವಾಗಲಿ ಲಾಭದ ಅವಕಾಶವಾಗಲಿ ಸರ್ಕಾರದಿಂದ ನೌಕರರ ಕಡೆಗೆ ಸರಿದಿದೆ.

3. ಒಂದು ಉದಾಹರಣೆ

ಕೆಳಗಿನ ಅಂಕಿಗಳು ಲೆಕ್ಕವನ್ನು ತಿಳಿಯುವುದಕ್ಕಾಗಿ ಕಲ್ಪಿಸಿಕೊಂಡವು. ಪೂರ್ಣ ಸೇವೆ ಸಲ್ಲಿಸಿದ ನೌಕರರೊಬ್ಬರ ಕೊನೆಯ ಮೂಲ ವೇತನ ರೂ. 60,000 ಎಂದಿಟ್ಟುಕೊಳ್ಳೋಣ. ಹಳೆಯ ವ್ಯವಸ್ಥೆಯಲ್ಲಿ ಅವರ ಮಾಸಿಕ ಪಿಂಚಣಿ ರೂ. 30,000 ಮತ್ತು ಅದರ ಮೇಲಿನ ತುಟ್ಟಿಭತ್ಯೆ.

ಅದೇ ವೇತನದ ಇನ್ನೊಬ್ಬ ನೌಕರರು ಎನ್‌ಪಿಎಸ್‌ನಲ್ಲಿದ್ದು, ಅವರ ಖಾತೆಯಲ್ಲಿ ರೂ. 60 ಲಕ್ಷ ಸಂಚಯವಾಗಿದೆ ಎನ್ನೋಣ. ಶೇ. 40, ಅಂದರೆ ರೂ. 24 ಲಕ್ಷ ವರ್ಷಾಶನಕ್ಕೆ ಹೋಗುತ್ತದೆ. ವಾರ್ಷಿಕ ಶೇ. 6ರ ದರದಲ್ಲಿ ವರ್ಷಕ್ಕೆ ರೂ. 1,44,000, ತಿಂಗಳಿಗೆ ರೂ. 12,000 ದೊರೆಯುತ್ತದೆ. ಉಳಿದ ರೂ. 36 ಲಕ್ಷ ಅವರ ಕೈಯಲ್ಲಿರುತ್ತದೆ. ಅವರು ಇಡೀ ರೂ. 60 ಲಕ್ಷವನ್ನೂ ವರ್ಷಾಶನಕ್ಕೆ ತೊಡಗಿಸಿದರೆ ಮಾತ್ರ ಮಾಸಿಕ ರೂ. 30,000 ಆಗುತ್ತದೆ. ಆಗಲೂ ಅದಕ್ಕೆ ತುಟ್ಟಿಭತ್ಯೆ ಸೇರುವುದಿಲ್ಲ.

ಎನ್‌ಪಿಎಸ್‌ನಲ್ಲಿ ದೊಡ್ಡ ಮೊತ್ತ ಒಮ್ಮೆಲೇ ಕೈ ಸೇರುವುದು ಅನುಕೂಲವೇ. ಆದರೆ ಆ ರೂ. 36 ಲಕ್ಷ ಕೂಡ ವೃದ್ಧಾಪ್ಯದ ಹಣವೇ ಎಂಬುದನ್ನು ಮರೆಯಬಾರದು. ಮದುವೆಗೋ ಮನೆ ಕಟ್ಟಲಿಕ್ಕೋ ಅದು ಮುಗಿದುಹೋದರೆ ಉಳಿಯುವುದು ರೂ. 12,000 ಮಾತ್ರ. ಸಲಹೆ ಕೇಳಿ ಬರುವ ಕುಟುಂಬಕ್ಕೆ ಸದಸ್ಯರು ಮೊದಲು ತಿಳಿಸಬೇಕಾದ ಮಾತು ಇದು.

4. ಕಾಪಾಡಬೇಕಾದ ದಾಖಲೆಯೂ ಬದಲಾಗಿದೆ

ಹಳೆಯ ವ್ಯವಸ್ಥೆಯಲ್ಲಿ ಸೇವಾ ಪುಸ್ತಕವೇ ಆಧಾರ. ಅದರಲ್ಲಿ ಒಂದು ನಮೂದು ತಪ್ಪಿದ್ದರೆ ನಿವೃತ್ತಿಯ ಹೊತ್ತಿಗೆ ಸರಿಪಡಿಸಿದರೂ ಪಿಂಚಣಿಯ ಲೆಕ್ಕ ಸರಿಯಾಗುತ್ತದೆ. ಎನ್‌ಪಿಎಸ್‌ನಲ್ಲಿ ಸೇವಾ ಪುಸ್ತಕದೊಂದಿಗೆ ಖಾತೆಯ ಜಮೆಯೂ ಆಧಾರ. ಅಲ್ಲಿ ತಡವಾದ ಹಣಕ್ಕೆ ಕಳೆದ ಕಾಲ ಮರಳಿ ಬರುವುದಿಲ್ಲ.

ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ ರೂ. 50,000 ಇರುವ ನೌಕರರ ಮಾಸಿಕ ಜಮೆ ರೂ. 12,000: ಅವರದು 5,000, ಸರ್ಕಾರದ್ದು 7,000. ಹತ್ತು ತಿಂಗಳ ಜಮೆ ಬಿಟ್ಟುಹೋದರೆ ಕೊರತೆ ರೂ. 1,20,000. ವಾರ್ಷಿಕ ಶೇ. 8ರಂತೆ ಬೆಳೆದರೆ ಹಣ ಸುಮಾರು 9 ವರ್ಷಕ್ಕೆ ಇಮ್ಮಡಿಯಾಗುತ್ತದೆ, 18 ವರ್ಷಕ್ಕೆ ನಾಲ್ಕು ಪಟ್ಟಾಗುತ್ತದೆ. ಹೀಗೆ 18 ವರ್ಷಗಳ ನಂತರ ಆ ಕೊರತೆ ಸುಮಾರು ರೂ. 4,80,000. ನಿವೃತ್ತಿಯ ದಿನ ಇದನ್ನು ಕಂಡುಕೊಂಡರೆ ಪ್ರಯೋಜನವಿಲ್ಲ. ಪ್ರತಿ ವರ್ಷ ಖಾತೆಯ ವಿವರಪಟ್ಟಿಯನ್ನು ವೇತನ ಚೀಟಿಯೊಂದಿಗೆ ತಾಳೆ ನೋಡಬೇಕು.

ದಿನಾಂಕದ ಮಹತ್ವಕ್ಕೆ ಇನ್ನೊಂದು ನಿದರ್ಶನವಿದೆ. ನೇಮಕಾತಿ ಅಧಿಸೂಚನೆ 1-4-2006ಕ್ಕಿಂತ ಮೊದಲು ಹೊರಟು, ನಂತರ ಸೇವೆಗೆ ಸೇರಿದವರಿಗೆ ಹಳೆಯ ಪಿಂಚಣಿಯನ್ನು ಆಯ್ದುಕೊಳ್ಳುವ ಅವಕಾಶವನ್ನು ರಾಜ್ಯ ಸರ್ಕಾರವು ಜನವರಿ 2024ರಲ್ಲಿ ನೀಡಿತು. ಸುಮಾರು 13,000 ನೌಕರರು ಇದರ ವ್ಯಾಪ್ತಿಗೆ ಬಂದರು. ಅಧಿಸೂಚನೆಯ ಪ್ರತಿಯಂತಹ ಹಳೆಯ ಕಾಗದವೊಂದು ಇಡೀ ವೃದ್ಧಾಪ್ಯದ ಆಧಾರವಾಗಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಕೇಂದ್ರ ಸರ್ಕಾರವು ತನ್ನ ನೌಕರರಿಗೆ 1-4-2025ರಿಂದ ಏಕೀಕೃತ ಪಿಂಚಣಿ ಯೋಜನೆಯ ಆಯ್ಕೆ ನೀಡಿದೆ. ಅದರಲ್ಲಿ 25 ವರ್ಷ ಸೇವೆ ಸಲ್ಲಿಸಿದವರಿಗೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಶೇ. 50ರಷ್ಟು ಪಿಂಚಣಿಯ ಭರವಸೆ ಇದೆ.

5. ಎರಡೂ ವ್ಯವಸ್ಥೆಗಳ ಹೊರಗಿರುವವರು

ಕರವಸೂಲಿಗಾರರು, ನೀರಗಂಟಿಗಳು, ಜವಾನರು ಮತ್ತು ಸ್ವಚ್ಛತಾ ಸಿಬ್ಬಂದಿ ಪಂಚಾಯತಿಯ ನೌಕರರು. ಇವರಿಗೆ ಮೇಲಿನ ಎರಡು ಪಿಂಚಣಿಗಳೂ ಇಲ್ಲ. ಇವರ ವಿಷಯದಲ್ಲಿ ಮುಖ್ಯವಾದದ್ದು ಉಪದಾನ, ಅಂದರೆ ಗ್ರಾಚ್ಯುಟಿ. ಉಪದಾನದ ಸಾಮಾನ್ಯ ಸೂತ್ರದಂತೆ, ಕೊನೆಯ ಮಾಸಿಕ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿದರೆ ಒಂದು ವರ್ಷದ ಸೇವೆಯ ಉಪದಾನ ಸಿಗುತ್ತದೆ. ಕೊನೆಯ ವೇತನ ರೂ. 13,000 ಇದ್ದರೆ ವರ್ಷಕ್ಕೆ ರೂ. 7,500; 25 ವರ್ಷಕ್ಕೆ ರೂ. 1,87,500. ಇದೂ ಕೊನೆಯ ವೇತನ ಮತ್ತು ಸೇವಾವಧಿಯ ಲೆಕ್ಕವೇ. ಆದರೆ ಸಿಗುವುದು ಒಂದೇ ಬಾರಿ.

ಇವರ ಸೇವೆಯ ದಾಖಲೆ ಇರುವುದು ಪಂಚಾಯತಿಯ ಕಪಾಟಿನಲ್ಲಿ. 25 ವರ್ಷ ದುಡಿದವರ ಮೊದಲ 8 ವರ್ಷಗಳಿಗೆ ಠರಾವು, ಹಾಜರಿ ಅಥವಾ ವೇತನ ಪಾವತಿಯ ಆಧಾರ ಸಿಗದಿದ್ದರೆ ಮೇಲಿನ ಲೆಕ್ಕದಲ್ಲಿ ರೂ. 60,000 ಕೈತಪ್ಪುತ್ತದೆ. ಈ ನಷ್ಟವನ್ನು ತಡೆಯುವುದು ಪಂಚಾಯತಿಯ ಕೈಯಲ್ಲಿಯೇ ಇದೆ.

6. ಸದಸ್ಯರು ಕೈಗೊಳ್ಳಬಹುದಾದ ಕ್ರಮಗಳು

ಅ) ಪಂಚಾಯತಿಯ ಪ್ರತಿಯೊಬ್ಬ ಸಿಬ್ಬಂದಿಯ ನೇಮಕಾತಿ ಠರಾವು, ಅನುಮೋದನೆ, ಜನ್ಮ ದಿನಾಂಕದ ದಾಖಲೆ ಮತ್ತು ನಾಮನಿರ್ದೇಶನ ಪತ್ರ ಕಡತದಲ್ಲಿ ಇವೆಯೇ ಎಂಬುದನ್ನು ಸಾಮಾನ್ಯ ಸಭೆಯಲ್ಲಿ ಪರಿಶೀಲಿಸುವುದು.

ಆ) ಮುಂದಿನ ಎರಡು ವರ್ಷಗಳಲ್ಲಿ ನಿವೃತ್ತರಾಗುವವರ ಪಟ್ಟಿ ತಯಾರಿಸಿ, ಅವರ ಉಪದಾನದ ಮೊತ್ತವನ್ನು ಆಯವ್ಯಯದಲ್ಲಿ ಮುಂಚಿತವಾಗಿ ತೋರಿಸುವುದು.

ಇ) 18ರಿಂದ 40 ವರ್ಷದೊಳಗಿನ, ಆದಾಯ ತೆರಿಗೆ ಪಾವತಿಸದ ಸಿಬ್ಬಂದಿಗೆ ಅಟಲ್ ಪಿಂಚಣಿ ಯೋಜನೆಯ ಮಾಹಿತಿ ನೀಡುವುದು. 60 ವರ್ಷದ ನಂತರ ಆಯ್ಕೆಗೆ ತಕ್ಕಂತೆ ಮಾಸಿಕ ರೂ. 1,000ದಿಂದ 5,000ದವರೆಗೆ ಪಿಂಚಣಿ ಇದೆ. 40 ದಾಟಿದರೆ ಸೇರಲು ಅವಕಾಶವಿಲ್ಲ.

ಈ) ಎನ್‌ಪಿಎಸ್ ನೌಕರರ ಖಾತೆಯ ವಿವರ ಅವರ ಖಾಸಗಿ ವಿಷಯ. ಅದನ್ನು ಕೇಳದೆ, ವಾರ್ಷಿಕ ತಾಳೆ ಮತ್ತು ನಾಮನಿರ್ದೇಶನದ ಅಗತ್ಯವನ್ನು ಮಾತ್ರ ತಿಳಿಸುವುದು.

ಚರ್ಚೆಗೆ ಪ್ರಶ್ನೆಗಳು

1) ಕೊನೆಯ ವೇತನ ರೂ. 15,600 ಇರುವ, 20 ವರ್ಷ ಸೇವೆ ಸಲ್ಲಿಸಿದ ನೀರಗಂಟಿಯ ಉಪದಾನ ಎಷ್ಟು? (ಉತ್ತರ: ರೂ. 1,80,000)

2) ಸಂಚಿತ ಮೊತ್ತ ರೂ. 45 ಲಕ್ಷ ಮಾತ್ರ ಇದ್ದರೆ, ಶೇ. 40ರ ವರ್ಷಾಶನದಿಂದ ಶೇ. 6ರ ದರದಲ್ಲಿ ಮಾಸಿಕ ಪಿಂಚಣಿ ಎಷ್ಟು? (ಉತ್ತರ: ರೂ. 9,000)

3) ತಮ್ಮ ಪಂಚಾಯತಿಯಲ್ಲಿ ಅತ್ಯಂತ ಹಳೆಯ ಸಿಬ್ಬಂದಿಯ ಮೊದಲ ವರ್ಷದ ಸೇವೆಗೆ ಬರಹದ ಆಧಾರವಿದೆಯೇ? ಉತ್ತರವನ್ನು ಕಡತ ತೆರೆದು ನೋಡಿಯೇ ಬರೆಯತಕ್ಕದ್ದು.