ಆರೋಗ್ಯ ಪಾಠ: ತಾಟಿನಲ್ಲಿ ಏನಿದೆ?



ಕೊಡಂಗಲ್, ತಾಂಡೂರು, ಜಹೀರಾಬಾದ್, ನಾರಾಯಣಖೇಡ ಸೀಮೆಯ ನಮಗೆ ಜೋಳದ ರೊಟ್ಟಿಯೇ ಜೀವ. ಹೊಟ್ಟೆ ತುಂಬ ರೊಟ್ಟಿ ಉಂಡವನಿಗೂ ಊಟದ ಕೊರತೆಯಿಂದ ರೋಗ ಬರುವುದುಂಟೆ? ಉಂಟು. ಪಥ್ಯಾಹಾರದ ಚಿಕಿತ್ಸೆ ಕಲಿಯುವವರ ಮುಂದೆ ಗುರುಗಳು ಮೊದಲು ರೋಗಿಯ ವೃತ್ತಾಂತ ಇಡುತ್ತಾರೆ. ನಾವೂ ಹಾಗೆಯೇ ಒಂದು ಉದಾಹರಣೆ ನೋಡೋಣ.

ನಲವತ್ತು ವರ್ಷದ ಒಬ್ಬ ಕೂಲಿಕಾರನಿದ್ದಾನೆಂದು ಭಾವಿಸಿರಿ. ಅವನ ಎರಡೂ ಕೈ, ಪಾದ, ಕೊರಳ ಸುತ್ತಲಿನ ಚರ್ಮ ಕಪ್ಪಾಗಿ ಬಿರಿದಿದೆ. ಅಂಗಿಯೊಳಗಿನ ಮೈ ಚೆನ್ನಾಗಿದೆ. ನಾಲಿಗೆ ಉರಿಯುತ್ತದೆ, ಭೇದಿ ನಿಲ್ಲದು, ಮನಸ್ಸು ಮಂಕಾಗಿದೆ. ಮುಲಾಮು ಹಚ್ಚಿದರೂ ಗುಣವಿಲ್ಲ.

ನಾವು ಕೇಳಬೇಕಾದ ಪ್ರಶ್ನೆಗಳು ಮೂರು.

1. ಗಾಯ ಬಿಸಿಲು ಬಿದ್ದ ಕಡೆ ಮಾತ್ರವೇ? ಹೌದು.

2. ಕೆಲವು ತಿಂಗಳಿಂದ ತಾಟಿನಲ್ಲಿ ಏನಿತ್ತು? ರೊಟ್ಟಿ, ಖಾರ, ಉಪ್ಪು. ಬೇಳೆ, ಶೇಂಗಾ, ಹಾಲು ಇಲ್ಲ.

3. ಕುಡಿತವಿದೆಯೇ? ಕ್ಷಯಕ್ಕೆ ಐಸೋನಿಯಾಜಿಡ್ ಮಾತ್ರೆ ನಡೆದಿದೆಯೇ? ಇವುಗಳಿಂದಲೂ ಈ ರೋಗ ಬರಬಹುದು. ಆದರೆ ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬಾರದು.

ಈ ರೋಗದ ಹೆಸರು ಪೆಲ್ಲಾಗ್ರ. ಬಿ ಗುಂಪಿನ ನಯಾಸಿನ್ ಎಂಬ ಜೀವಸತ್ವದ ಕೊರತೆಯೇ ಇದರ ಮೂಲ. ಅಮೆರಿಕದಲ್ಲಿ ಇದನ್ನು ಅಂಟುರೋಗವೆಂದೇ ಅನೇಕರು ನಂಬಿದ್ದರು. 1914ರಿಂದ ಡಾ. ಜೋಸೆಫ್ ಗೋಲ್ಡ್‌ಬರ್ಗರ್ ಅನಾಥಾಲಯಗಳ ಊಟ ಬದಲಿಸಿ, ಇದು ಊಟದ ರೋಗವೆಂದು ತೋರಿಸಿದರು. ಅಲ್ಲಿನ ಬಡವರ ಆಹಾರ ಮೆಕ್ಕೆಜೋಳ. ನಮ್ಮ ದಖ್ಖನ್ನಿನಲ್ಲಿ ಬಿಳಿಜೋಳ ಉಣ್ಣುವ ಬಡವರಲ್ಲೂ ಇದು ಕಂಡಿತು. ಇಂದು ರಾಷ್ಟ್ರೀಯ ಪೋಷಕಾಹಾರ ಸಂಸ್ಥೆ ಎನಿಸಿದ ಹೈದರಾಬಾದಿನ ಪ್ರಯೋಗಾಲಯದಲ್ಲಿ ಡಾ. ಸಿ. ಗೋಪಾಲನ್ ಮತ್ತು ಡಾ. ಎಸ್.ಜಿ. ಶ್ರೀಕಂಠಯ್ಯ ಇದನ್ನು ಅಭ್ಯಸಿಸಿದರು. ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಎಂಬ ಅಂಶ ನಯಾಸಿನ್‌ಗೆ ಅಡ್ಡಿ ಮಾಡುತ್ತದೆ ಎಂದು 1960ರಲ್ಲಿ ಹೇಳಿದರು. ಈ ಕಾರಣವನ್ನು ಮುಂದೆ ಕೆಲವು ವಿಜ್ಞಾನಿಗಳು ಪ್ರಶ್ನಿಸಿದ್ದುಂಟು. ರೊಟ್ಟಿಯೊಂದನ್ನೇ ನಂಬಬಾರದೆಂಬ ಮಾತಂತೂ ನಿಂತಿದೆ.

ಚಿಕಿತ್ಸೆ ಸರಳ. ವೈದ್ಯರು ನಿಕೋಟಿನಮೈಡ್ ಮಾತ್ರೆ ಕೊಡುತ್ತಾರೆ. ಬಾಯಿಯ ಉರಿ, ಭೇದಿ ಕೆಲವೇ ದಿನಗಳಲ್ಲಿ ಇಳಿಯುತ್ತವೆ, ಚರ್ಮಕ್ಕೆ ವಾರಗಳು ಬೇಕು. ತಡಮಾಡಿದರೆ ಬುದ್ಧಿಭ್ರಮೆಯಾಗಿ ಪ್ರಾಣಕ್ಕೂ ಅಪಾಯ. ಮಾತ್ರೆ ಮುಗಿದ ಮೇಲೆ ತಾಟು ಹಳೆಯದೇ ಆದರೆ ರೋಗ ಮರಳುತ್ತದೆ.

ಹಾಗೆಂದು ಜೋಳ ಬಿಡಬೇಕಿಲ್ಲ, ಅದಕ್ಕೆ ಜೊತೆ ಬೇಕು. ಪ್ರಾಯದವರಿಗೆ ದಿನಕ್ಕೆ ಸುಮಾರು 14ರಿಂದ 16 ಮಿಲಿಗ್ರಾಂ ನಯಾಸಿನ್ ಬೇಕು. 100 ಗ್ರಾಂ ಶೇಂಗಾದಲ್ಲಿ ಸುಮಾರು 12 ಮಿಲಿಗ್ರಾಂ ಇದೆ. ದಿನವೂ ಒಂದು ಹಿಡಿ ಶೇಂಗಾ ಹಿಂಡಿ, ಒಂದು ಬಟ್ಟಲು ತೊಗರಿಬೇಳೆ, ಆದಷ್ಟು ಹಾಲು ಇರಲಿ.

2022ರಲ್ಲಿ ತಾಂಡೂರಿನ ತೊಗರಿಗೆ ಭೌಗೋಳಿಕ ಗುರುತು ಸಿಕ್ಕಿದ್ದು ನಮಗೆಲ್ಲ ಹೆಮ್ಮೆ. ಆದರೆ ಬೆಳೆದ ತೊಗರಿಯನ್ನೆಲ್ಲ ಅಡತಿಗೆ ಹಾಕಿ ಮನೆಯವರು ಖಾರ ಹಚ್ಚಿಕೊಂಡು ಉಂಡರೆ ಆ ಹೆಮ್ಮೆಗೆ ಅರ್ಥವೇನು? ರಾಶಿಯಾದಾಗ ವರ್ಷದ ಬೇಳೆಯನ್ನು ಮೊದಲು ಮನೆಗೆ ಎತ್ತಿಡಿರಿ. ನಮ್ಮ ಹೊಲಕ್ಕೆ, ಅಂಗಡಿಗೆ ದುಡಿಯಲು ಬಂದವರು ಬುತ್ತಿ ಬಿಚ್ಚಿದಾಗ ಅದರಲ್ಲಿ ರೊಟ್ಟಿಯ ಜೊತೆ ಏನಿದೆ ಎಂದು ನೋಡಿರಿ. ಏನೂ ಇಲ್ಲದಿದ್ದರೆ ಒಂದು ಸೌಟು ಬೇಳೆ ನಮ್ಮ ಮನೆಯಿಂದ ಹೋಗಲಿ. ಈ ಪಾಠ ಕಲಿತದ್ದಕ್ಕೆ ಅದೇ ಗುರುತು.