ನಾಲ್ಕು ಊರು, ನಾಲ್ಕು ಅಂಕಲ್



ಹೋದ ತಿಂಗಳು ರಜೆಯ ಅರ್ಜಿಯಲ್ಲಿ ‘ಅಂಕಲ್ ಮನೆಯಲ್ಲಿ ಮದುವೆ ಇದೆ’ ಎಂದು ಇಂಗ್ಲಿಷಿನಲ್ಲಿ ಬರೆದುಕೊಟ್ಟೆ. ನಮ್ಮ ಇಂಗ್ಲಿಷ್ ಸರ್ ಅದನ್ನು ಓದಿ, “ಹೋದ ಸಲನೂ ಅಂಕಲ್ ಮನಿ ಮದುವಿನೇ ಇತ್ತಲ್ಲ? ಇದು ಯಾವ ಅಂಕಲ್?” ಎಂದು ಕೇಳಿದರು. ಕ್ಲಾಸೆಲ್ಲ ನಕ್ಕಿತು.

ನಾನು ಸುಳ್ಳು ಬರೆದಿರಲಿಲ್ಲ. ನನಗೆ ನಾಲ್ಕು ಊರಲ್ಲಿ ನಾಲ್ಕು ಅಂಕಲ್ ಇದ್ದಾರೆ. ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವವರು ಮಾಮು, ಅಂದರೆ ಅಮ್ಮಿಯ ತಮ್ಮ. ಮುದ್ದೇಬಿಹಾಳದಲ್ಲಿ ಗ್ಯಾರೇಜ್ ಇಟ್ಟವರು ಚಾಚಾ, ಅಬ್ಬಾನ ತಮ್ಮ. ಬಸವನ ಬಾಗೇವಾಡಿಯಲ್ಲಿ ಬಟ್ಟೆ ಹೊಲಿಯುವವರು ಫೂಫಾ, ಅಬ್ಬಾನ ಅಕ್ಕನ ಗಂಡ. ಸಿಂದಗಿಯಲ್ಲಿ ಇರುವವರು ಖಾಲು, ನಮ್ಮ ಖಾಲಾನ ಗಂಡ.

ಈ ನಾಲ್ವರನ್ನು ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ನನ್ನ ಬೆಂಚಿನ ಗೆಳತಿಯನ್ನು ಕೇಳಿದೆ. ಅವಳ ಮನೆಮಾತು ಕನ್ನಡ. “ಅಪ್ಪನ ತಮ್ಮ ಕಾಕಾ, ಅವ್ವನ ತಂಗಿ ಗಂಡನೂ ಕಾಕಾ. ಅವ್ವನ ತಮ್ಮ ಮಾವ, ಅತ್ತಿ ಗಂಡನೂ ಮಾವ” ಎಂದಳು. ಹಾಗಾದರೆ ಲೆಕ್ಕ ಹೀಗಾಯಿತು: ಉರ್ದುವಿನಲ್ಲಿ ನಾಲ್ಕು ಹೆಸರು, ಕನ್ನಡದಲ್ಲಿ ಎರಡು, ಇಂಗ್ಲಿಷಿನಲ್ಲಿ ಒಂದೇ ಒಂದು.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಹಳೆಯ ಇಂಗ್ಲಿಷಿನಲ್ಲಿ ತಾಯಿಯ ಸೋದರನಿಗೆ ‘ಏಆಮ್’, ತಂದೆಯ ಸೋದರನಿಗೆ ‘ಫೆದೆರ’ ಎಂಬ ಬೇರೆ ಬೇರೆ ಹೆಸರುಗಳಿದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಪದಗಳು ಬಂದವು, ಹಳೆಯವು ಮರೆಯಾದವು. ‘ಅಂಕಲ್’ ಪದದ ಮೂಲ ಲ್ಯಾಟಿನ್ ಭಾಷೆಯ ‘ಅವುಂಕುಲಸ್’. ಅದರ ಅರ್ಥ ತಾಯಿಯ ಸೋದರ. ಆ ಲೆಕ್ಕದಲ್ಲಿ ನಿಜವಾದ ಅಂಕಲ್ ನಮ್ಮ ಇಂಡಿಯ ಮಾಮು ಒಬ್ಬರೇ!

ಈಗಿನ ಇಂಗ್ಲಿಷಿನಲ್ಲೂ ಸರಿಯಾಗಿ ಹೇಳಲು ದಾರಿಗಳಿವೆ. ನಾನು ಕಲಿತವು ಇವು:

ಮಾಮುಗೆ ‘ಮೆಟರ್ನಲ್ ಅಂಕಲ್’, ಚಾಚಾಗೆ ‘ಪೆಟರ್ನಲ್ ಅಂಕಲ್’. ಇದು ಭಾರ ಎನಿಸಿದರೆ ‘ಮೈ ಮದರ್ಸ್ ಬ್ರದರ್’, ‘ಮೈ ಫಾದರ್ಸ್ ಬ್ರದರ್’ ಎಂದರೂ ಸಾಕು. ಫೂಫಾ, ಖಾಲು ಇಬ್ಬರೂ ‘ಅಂಕಲ್ ಬೈ ಮ್ಯಾರೇಜ್’.

‘ಕಸಿನ್ ಬ್ರದರ್’ ಎಂದು ನಾವೆಲ್ಲ ಹೇಳುತ್ತೇವೆ. ಮನೆಯಲ್ಲಿ ಚಾಚಾನ ಮಗನೂ ‘ಭಾಯಿ’ಯೇ ಆದ್ದರಿಂದ ಬರೀ ಕಸಿನ್ ಎಂದರೆ ದೂರ ತಳ್ಳಿದಂತೆ ಅನಿಸುತ್ತದೆ. ಆದರೆ ಪರೀಕ್ಷೆಯಲ್ಲಿ, ಪತ್ರದಲ್ಲಿ ‘ಕಸಿನ್’ ಎಂದಷ್ಟೇ ಬರೆಯಬೇಕು.

ಉರ್ದುವಿನಲ್ಲಿ ಸೋದರನ ಮಗ ಭತೀಜಾ, ಸೋದರಿಯ ಮಗ ಭಾಂಜಾ. ಇಂಗ್ಲಿಷಿನಲ್ಲಿ ಇಬ್ಬರೂ ‘ನೆಫ್ಯೂ’. ಹೆಣ್ಣುಮಕ್ಕಳಾದರೆ ‘ನೀಸ್’.

ಒಂದು ಕಡೆ ಇಂಗ್ಲಿಷೇ ನಮಗಿಂತ ಖಚಿತ. ‘ಸೌತೇಲಾ ಭಾಯಿ’ ಎಂದು ನಾವು ಇಬ್ಬರಿಗೆ ಹೇಳುತ್ತೇವೆ. ತಂದೆ ಅಥವಾ ತಾಯಿ ಒಬ್ಬರು ಮಾತ್ರ ಒಂದೇ ಆಗಿದ್ದರೆ ‘ಹಾಫ್ ಬ್ರದರ್’. ತಂದೆಯೂ ಬೇರೆ, ತಾಯಿಯೂ ಬೇರೆ, ದೊಡ್ಡವರ ಮದುವೆಯಿಂದ ಮಾತ್ರ ನಂಟಾಗಿದ್ದರೆ ‘ಸ್ಟೆಪ್ ಬ್ರದರ್’. ವಾರಸಾ ಹಕ್ಕಿನಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿದೆ.

ಕಾಮರ್ಸಿನವರಾದ ನಮಗೆ ಇನ್ನೊಂದು ಮಾತು. ಮನೆಯಲ್ಲಿ ‘ರಿಲೇಟಿವ್’ ಎಂದರೆ ಊರೆಲ್ಲ ಬರುತ್ತದೆ. 2013ರ ಕಂಪನಿ ಕಾಯ್ದೆ ಮತ್ತು ಅದರ 2014ರ ನಿಯಮಗಳಲ್ಲಿ ಈ ಪದಕ್ಕೆ ಎಣಿಸಿಟ್ಟ ಪಟ್ಟಿಯೇ ಇದೆ: ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು, ಗಂಡ ಹೆಂಡತಿ, ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಸೋದರ, ಸೋದರಿ. ಚಾಚಾ, ಮಾಮು, ಕಸಿನ್ ಆ ಪಟ್ಟಿಯಲ್ಲಿಲ್ಲ. ಕಾಯ್ದೆಯ ಪದವನ್ನು ಮನೆಯ ಅರ್ಥದಲ್ಲಿ ಓದಿದರೆ ಉತ್ತರ ತಪ್ಪುತ್ತದೆ.

ಇದೆಲ್ಲ ಬರೀ ಅಂಕಗಳ ವಿಷಯ ಎಂದು ನಾನೂ ತಿಳಿದಿದ್ದೆ, ನಾನಿಯ ಫಾರ್ಮ್ ತುಂಬುವವರೆಗೆ.

ನಾನಿ ಸಿಂದಗಿಯಲ್ಲಿ ಖಾಲಾನ ಜೊತೆ ಇರುತ್ತಾರೆ. ಈ ಖಾಲಾ ಅಮ್ಮಿಯ ಒಡಹುಟ್ಟಿದವರಲ್ಲ. ನಾನಿಯ ತಂಗಿಯ ಮಗಳು. ತಾಯಿ ತೀರಿಕೊಂಡಾಗ ಚಿಕ್ಕ ಮಗು. ನಾನಿಯೇ ಸಾಕಿ, ಮದುವೆ ಮಾಡಿದರು. ಈಗ ನಾನಿಯ ಔಷಧಿ, ಊಟ, ಎಲ್ಲ ನೋಡಿಕೊಳ್ಳುವವರು ಇವರೇ. ಬ್ಯಾಂಕಿನ ಖಾತೆಗೆ ಇವರನ್ನೇ ನಾಮಿನಿ ಮಾಡಬೇಕೆಂದು ನಾನಿ ಹೇಳಿದರು. ನಾಮಿನಿ ಎಂದರೆ ಹಣದ ಮಾಲೀಕರಲ್ಲ, ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು ಎಂದು ನಾನು ತಿಳಿಸಿದೆ. “ಅದಕ್ಕೇ ಅವಳು ಬೇಕು, ಒಂದು ರೂಪಾಯಿ ಹೆಚ್ಚುಕಡಿಮೆ ಮಾಡದೆ ಹಂಚುತ್ತಾಳೆ” ಎಂದರು.

ಮನೆಯಲ್ಲಿ ಇಂಗ್ಲಿಷ್ ಫಾರ್ಮ್ ಎಲ್ಲ ನನ್ನ ಪಾಲಿಗೇ ಬರುತ್ತವೆ. ‘ಖಾತೆದಾರರೊಂದಿಗೆ ಸಂಬಂಧ’ ಎಂಬಲ್ಲಿ ನಾನು ‘ಕಸಿನ್’ ಎಂದು ಬರೆದೆ. ಅಮ್ಮಿಗೆ ಅವರು ಕಸಿನ್ ಅಲ್ಲವೇ? ನಾನಿ ನನ್ನನ್ನು ನಂಬಿ ಹೆಬ್ಬೆಟ್ಟು ಒತ್ತಿದರು, ಇಬ್ಬರು ಸಾಕ್ಷಿ ಹಾಕಿದರು. ಕೌಂಟರಿನಲ್ಲಿದ್ದವರು ಖಾಲಾನ ವಯಸ್ಸು ನೋಡಿ, “ಇವರು ಅಜ್ಜಿಗೆ ಏನಾಗಬೇಕು?” ಎಂದು ಕೇಳಿದಾಗ ನನ್ನ ತಪ್ಪು ತಿಳಿಯಿತು. ಸಂಬಂಧವನ್ನು ಖಾತೆದಾರರ ಕಡೆಯಿಂದ ಎಣಿಸಬೇಕಿತ್ತು. ನಾನು ಅಮ್ಮಿಯ ಕಡೆಯಿಂದ ಎಣಿಸಿದ್ದೆ. ಹೊಸ ಫಾರ್ಮ್, ಮತ್ತೆ ಇಬ್ಬರು ಸಾಕ್ಷಿ, ಮೊಣಕಾಲು ನೋವಿನ ನಾನಿಗೆ ಮತ್ತೊಂದು ಸಲ ಬ್ಯಾಂಕಿನ ಮೆಟ್ಟಿಲು.

ಎರಡನೆಯ ಸಲ ಬರೆಯುವಾಗ ‘ನೀಸ್’ ಎಂದರೆ ಭಾಂಜಿ ಎಂದು ವಿವರಿಸಿದೆ. ನಾನಿಯ ಮುಖ ಸಣ್ಣದಾಯಿತು. “ಬೇಟಿ ಲಿಖ್. ವೋ ಮೇರೀ ಬೇಟೀಚ್ ಹೈ” ಎಂದರು. ಖಾಲಾ ಪಕ್ಕದಲ್ಲೇ ನಿಂತಿದ್ದರು. ಏನು ಹೇಳಬೇಕೋ ನನಗೆ ತೋಚಲಿಲ್ಲ. ಕೊನೆಗೆ ಖಾಲಾನೇ ಹೇಳಿದರು: “ಅಮ್ಮಾ, ಮಗಳು ಅಂತ ಬರೆದರೆ ನಾಳೆ ಆಧಾರ್ ಕಾರ್ಡಿನಲ್ಲಿ ತಂದೆಯ ಹೆಸರು ನೋಡಿ ನನ್ನನ್ನೇ ಸುಳ್ಳಿ ಅಂತಾರೆ. ಕಾಗದದಲ್ಲಿ ಭಾಂಜಿ ಇರಲಿ. ನೀನು ಬೇಟಿ ಅಂತ ಕರೆಯೋದನ್ನ ಯಾರು ತಡೀತಾರೆ?” ನಾನಿ ಹೆಬ್ಬೆಟ್ಟು ಮುಂದೆ ಮಾಡಿದರು.

ಅವತ್ತು ಎರಡು ವಿಷಯ ಕಲಿತೆ. ಸಂಬಂಧ ಬರೆಯುವ ಮೊದಲು ‘ಯಾರಿಗೆ ಏನಾಗಬೇಕು?’ ಎಂದು ಕೇಳಿಕೊಳ್ಳಬೇಕು. ಮತ್ತು ಕಾಗದದ ಪದ ಪ್ರೀತಿಯನ್ನು ಅಳೆಯುವುದಿಲ್ಲ. ಗುರುತಿಲ್ಲದವರಿಗೂ ನಂಟು ತಿಳಿಯುವಂತೆ ಮಾಡುತ್ತದೆ, ಅಷ್ಟೆ.

ನಿಮಗೊಂದು ಅಭ್ಯಾಸ: ನಿಮ್ಮ ಹತ್ತು ಜನ ನೆಂಟರನ್ನು ಮನೆಮಾತು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಬರೆಯಿರಿ. ಇಂಗ್ಲಿಷಿನದನ್ನು ಮಾತ್ರ ಗೆಳೆಯರಿಗೆ ಕೊಡಿ. ಅದನ್ನು ಓದಿ ಅವರು ನಿಮ್ಮ ವಂಶವೃಕ್ಷ ಬಿಡಿಸಿದರೆ ನೀವು ಸರಿಯಾಗಿ ಬರೆದಿದ್ದೀರಿ. ‘ಬೀಗರು’ ಮತ್ತು ‘ಸಮಧಿ’ಗೆ ಇಂಗ್ಲಿಷಿನಲ್ಲಿ ಒಂದೇ ಪದ ಹುಡುಕಿ ಸಮಯ ಕಳೆಯಬೇಡಿ. ‘ಮೈ ಡಾಟರ್ಸ್ ಫಾದರ್ ಇನ್ ಲಾ’ ಎಂದು ಬಿಡಿಸಿಯೇ ಬರೆಯಿರಿ.

ಮುಂದಿನ ತಿಂಗಳು ಮತ್ತೊಂದು ಮದುವೆ ಇದೆ. ಈ ಸಲದ ಅರ್ಜಿಯಲ್ಲಿ ‘ಮುದ್ದೇಬಿಹಾಳದಲ್ಲಿರುವ ನನ್ನ ತಂದೆಯ ತಮ್ಮನ ಮಗಳ ಮದುವೆ’ ಎಂದೇ ಬರೆದಿದ್ದೇನೆ. ಸರ್ ಓದಿ, ಏನೂ ಕೇಳದೆ ಸಹಿ ಹಾಕಿದರು.