ಪೆಟ್ಟು ಬಿದ್ದ ಮೇಲೆ ಪ್ಲೇಟನ್ನು ತಿರುವಿ ನೋಡು

ತಮ್ಮಾ, ನಿನ್ನ ಫೈನಲ್ ಇಯರ್ ಪ್ರಾಜೆಕ್ಟಿನ ಹೆಸರು ನೋಡಿದೆ: ‘ಬಾಹ್ಯಾಕಾಶ ಬಳಕೆಗೆ ಪೆಟ್ಟು ತಾಳುವ ಕಾಂಪೊಸಿಟ್’. ಖಾನಾಪುರದಿಂದ ದಿನಾ ಬೆಳಗಾವಿಗೆ ಬಂದುಹೋಗಿ ಓದುವ ಹುಡುಗ ಇಂಥದ್ದಕ್ಕೆ ಕೈಹಾಕಿದನಲ್ಲ ಅಂತ ಖುಷಿಯಾಯಿತು. ಉದ್ಯಮಬಾಗದ ಫೌಂಡ್ರಿಯ ಟೆಸ್ಟಿಂಗ್ ಲ್ಯಾಬಿನಲ್ಲಿ ಗಟ್ಟಿ ತುಂಡುಗಳನ್ನು ಒಡೆಯುವುದೇ ನನ್ನ ಕೆಲಸವಾಗಿತ್ತು. ಆ ಸಲಿಗೆಯಿಂದ ನಾಲ್ಕು ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡ.

ಮೊದಲು ವೇಗದ ಮಾತು. ಪೆಟ್ಟಿನ ಪರೀಕ್ಷೆಗೆ ಬಳಸುವ ಚಾರ್ಪಿ ಯಂತ್ರದ ಸುತ್ತಿಗೆ ಸೆಕೆಂಡಿಗೆ ಐದು ಮೀಟರ್ ಚಿಲ್ಲರೆ ವೇಗದಲ್ಲಿ ಬಂದು ಬಡಿಯುತ್ತದೆ. ಅದರ ಶಕ್ತಿ ಸಾಮಾನ್ಯವಾಗಿ 300 ಜೌಲ್ ಅನ್ನು. ಭೂಮಿಗೆ ಹತ್ತಿರದ ಕಕ್ಷೆಯಲ್ಲಿ ಕಸದ ಚೂರು ಉಪಗ್ರಹಕ್ಕೆ ಬಡಿಯುವ ವೇಗ ಸರಾಸರಿ ಸೆಕೆಂಡಿಗೆ 10 ಕಿಲೋಮೀಟರ್. ನೀನೇ ಲೆಕ್ಕ ಹಾಕು, ಒಂದೇ ಗ್ರಾಂ ಚೂರಿಗೆ 50,000 ಜೌಲ್! ಹೆಚ್ಚಿದ್ದು ಶಕ್ತಿ ಮಾತ್ರವಲ್ಲ, ಅಲ್ಲಿ ಆಟವೇ ಬೇರೆ. ಆ ವೇಗದಲ್ಲಿ ಬಡಿದ ಲೋಹ ಕರಗಿ, ಆವಿಯಾಗಿ ಸಿಡಿಯುತ್ತದೆ. ಫ್ರೆಡ್ ವ್ಹಿಪಲ್ ಎಂಬ ಖಗೋಳ ವಿಜ್ಞಾನಿ 1947ರಲ್ಲೇ ಇದನ್ನು ಊಹಿಸಿ, ಗೋಡೆಯ ಮುಂದೆ ಸ್ವಲ್ಪ ಅಂತರ ಬಿಟ್ಟು ತೆಳ್ಳನೆಯ ತಗಡು ನಿಲ್ಲಿಸಿ ಎಂದ. ಚೂರು ತಗಡಿಗೆ ಬಡಿದು ಪುಡಿಯಾಗಿ ಹರಡಿಕೊಳ್ಳುತ್ತದೆ, ಹಿಂದಿನ ಗೋಡೆ ಉಳಿಯುತ್ತದೆ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಆ ಸಂದಿಯಲ್ಲಿ ಕೆವ್ಲಾರ್ ಮತ್ತು ನೆಕ್ಸ್‌ಟೆಲ್ ಬಟ್ಟೆಯ ಪದರಗಳನ್ನೂ ತುಂಬಿದ್ದಾರೆ. ಇದನ್ನೆಲ್ಲ ಪರೀಕ್ಷಿಸಲು ಹೈಡ್ರೋಜನ್ನನ್ನು ಒತ್ತಿ ಗುಂಡು ಹಾರಿಸುವ ದೊಡ್ಡ ಗ್ಯಾಸ್ ಗನ್ ಬೇಕು. ಅದು ನಿನ್ನ ಕಾಲೇಜಿನಲ್ಲಿ ಇಲ್ಲ, ಅದಕ್ಕೆ ನಾಚಿಕೆಪಡಬೇಕಾಗಿಯೂ ಇಲ್ಲ. ಆದರೆ ಭಾರ ಬೀಳಿಸಿ ನೋಡಿದ ಪ್ಲೇಟು ಕಕ್ಷೆಯಲ್ಲೂ ತಾಳುತ್ತದೆ ಅಂತ ವರದಿಯಲ್ಲಿ ಬರೆಯಬೇಡ.

ಬರೆದರೆ ಏನಾಗುತ್ತದೆ ಅನ್ನುವುದಕ್ಕೆ ಕೊಲಂಬಿಯಾ ಬಾಹ್ಯಾಕಾಶ ನೌಕೆಯ ದುರಂತ ಇದೆ. 2003ರ ಜನವರಿ 16ರಂದು ನೌಕೆ ಮೇಲೇರಿ 82 ಸೆಕೆಂಡಿಗೆ ಇಂಧನ ಟ್ಯಾಂಕಿನ ಫೋಮ್ ತುಂಡೊಂದು ಕಳಚಿ ಎಡರೆಕ್ಕೆಯ ಅಂಚಿಗೆ ಬಡಿಯಿತು. ಆ ಅಂಚು ಇಂಗಾಲದ ನಾರನ್ನು ಇಂಗಾಲದಲ್ಲೇ ಬಂಧಿಸಿ ಮಾಡಿದ ಕಾಂಪೊಸಿಟ್, ಉರಿಯುವ ಶಾಖವನ್ನೂ ತಡೆಯುವಂಥದ್ದು. ಫೋಮ್ ತಾನೇ, ಹಗುರ, ಏನು ಮಾಡೀತು ಎಂಬ ಧೋರಣೆ ಮೇಲಿನವರದು. ಲೆಕ್ಕ ಹಾಕಲು ಬಳಸಿದ ಸೂತ್ರ ಸಣ್ಣ ಚೂರುಗಳ ಪರೀಕ್ಷೆಯಿಂದ ಬಂದದ್ದು. ಬಡಿದ ತುಂಡೋ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಫೆಬ್ರವರಿ 1ರಂದು ಭೂಮಿಗೆ ಮರಳುವಾಗ ನೌಕೆ ಒಡೆದು, ಕಲ್ಪನಾ ಚಾವ್ಲಾ ಸೇರಿ ಒಳಗಿದ್ದ ಏಳೂ ಜನ ಹೋದರು. ಅದೇ ಜುಲೈ 7ರಂದು ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಮುಕ್ಕಾಲು ಕೆಜಿ ಫೋಮನ್ನು ಗಂಟೆಗೆ ಸುಮಾರು 850 ಕಿಲೋಮೀಟರ್ ವೇಗದಲ್ಲಿ ಅಂಥದ್ದೇ ಪ್ಯಾನೆಲ್ಲಿಗೆ ಹಾರಿಸಿದರು. ಹದಿನಾರು ಅಂಗುಲದಷ್ಟು ಅಗಲದ ತೂತು ಬಿತ್ತು. ಮೊದಲೇ ಮಾಡಬಹುದಾಗಿದ್ದ ಪರೀಕ್ಷೆ ಅದು. ನನಗೆ ಈಗಲೂ ಸಿಟ್ಟು ಬರುವುದು ಅಲ್ಲಿಯೇ.

ಹಾಗಾದರೆ ನೀನು ಮಾಡಬಹುದಾದದ್ದೇನು? ಬಹಳ ಇದೆ. 100ಕ್ಕೆ 150 ಮಿಲಿಮೀಟರಿನ ಪ್ಲೇಟು, 16 ಮಿಲಿಮೀಟರ್ ವ್ಯಾಸದ ಗುಂಡುಮೂತಿಯ ಭಾರ, ಅಮೆರಿಕದ ಎಎಸ್‌ಟಿಎಂ ಡಿ7136 ಪದ್ಧತಿ, ಇಷ್ಟು ಸಾಕು. ಕಕ್ಷೆಯ ಮಾತು ಬಿಟ್ಟು, ನೆಲದ ಮೇಲೆ ಜೋಡಿಸುವಾಗ ಕೈಜಾರಿ ಬಿದ್ದ ಸ್ಪ್ಯಾನರಿನ ಪೆಟ್ಟು ಅನ್ನು; ಉಪಗ್ರಹದ ಪ್ಯಾನೆಲ್ಲಿಗೆ ಅದೂ ನಿಜವಾದ ಗಂಡಾಂತರವೇ. ಪೆಟ್ಟು ಬಿದ್ದ ಮೇಲೆ ಮೇಲ್ಮೈಯ ಫೋಟೊ ಹೊಡೆದು ಸುಮ್ಮನಾಗಬೇಡ. ಮುಂದೆ ಉಗುರಿನಷ್ಟು ತಗ್ಗು ಕಾಣುತ್ತದೆ. ತಿರುವಿ ನೋಡಿದರೆ ಹಿಂದೆ ನಾರು ಸೀಳಿರುತ್ತದೆ, ನಡುವೆ ಪದರಗಳು ಬಿಟ್ಟುಕೊಂಡಿರುತ್ತವೆ. ನಿಮ್ಮೂರಿನ ಕುಂಬಾರರು ಗಡಿಗೆಯನ್ನು ಬೆರಳಗಂಟಿನಿಂದ ಬಾರಿಸಿ ಬಿರುಕು ಹಿಡಿಯುತ್ತಾರಲ್ಲ, ವಿಮಾನದ ರಿಪೇರಿಯವರೂ ನಾಣ್ಯದಿಂದ ಬಡಿದು ಹಾಗೆಯೇ ಕೇಳುತ್ತಾರೆ. ಗಟ್ಟಿ ಜಾಗ ಟಣ್ ಅನ್ನುತ್ತದೆ, ಬಿಟ್ಟುಕೊಂಡ ಜಾಗ ಮೊದ್ದಾಗಿ ಕೇಳಿಸುತ್ತದೆ. ಆ ಜಾಗಕ್ಕೆ ಚಾಕ್‌ಪೀಸಿನಿಂದ ಗೆರೆ ಹಾಕು. ಆಮೇಲೆ ಪೆಟ್ಟು ತಿಂದ ಅದೇ ಪ್ಲೇಟನ್ನು ಯಂತ್ರದಲ್ಲಿ ಉದ್ದುದ್ದಕ್ಕೆ ಒತ್ತಿ, ಎಷ್ಟು ಬಲ ಉಳಿದಿದೆ ನೋಡು. ಎಷ್ಟೋ ಹುಡುಗರು ಬಿಟ್ಟುಬಿಡುವುದು ಇದನ್ನೇ, ಬೆಲೆಯಿರುವುದೂ ಇದಕ್ಕೇ.

ಇನ್ನೊಂದು, ನಿಮ್ಮ ಖಾನಾಪುರದ ಮಳೆ. ಜುಲೈನಲ್ಲಿ ಮನೆಯ ಪಡಸಾಲೆಯಲ್ಲಿ ನಾರಿಗೆ ಎಪಾಕ್ಸಿ ಅಂಟು ಬಳಿಯಲು ಹೋಗಬೇಡ. ಎಪಾಕ್ಸಿ ತೇವ ಹೀರುತ್ತದೆ, ಕೆವ್ಲಾರ್ ಇನ್ನೂ ಹೆಚ್ಚು. ಬಾಹ್ಯಾಕಾಶದ ನಿರ್ವಾತದಲ್ಲಿ ಆ ತೇವ ಹೊರಬಂದು ಪ್ಯಾನೆಲ್ಲಿನ ಅಳತೆಯೇ ಕದಲುತ್ತದೆ, ಹತ್ತಿರದ ಲೆನ್ಸಿನ ಮೇಲೂ ಕೂರುತ್ತದೆ. ಪ್ಲೇಟುಗಳನ್ನು ಓವನ್ನಿನಲ್ಲಿ ಒಣಗಿಸು, ತೂಕ ಇಳಿಯುವುದು ನಿಂತ ಮೇಲೆಯೇ ಪರೀಕ್ಷೆಗಿಡು. ತೂಕವನ್ನು ವಹಿಯಲ್ಲಿ ಬರೆದಿಡು.

ಕೆಲಸ ಎಲ್ಲಿ ಸಿಗುತ್ತದೆ ಅಂತ ನಿಮ್ಮಪ್ಪ ಕೇಳುತ್ತಾರೆ, ಕೇಳಲೇಬೇಕು. ಹತ್ತರಗಿಯ ಏಕಸ್‌ನಲ್ಲಿ ವಿಮಾನದ ಬಿಡಿಭಾಗಗಳಾಗುತ್ತವೆ. ಬೆಂಗಳೂರಿನಲ್ಲಿ ವಿಮಾನ ಸಂಶೋಧನೆಯ ಎನ್‌ಎಎಲ್ ಇದೆ. ಅಂತರಿಕ್ಷದ ಕಸದ ಮೇಲೆ ಕಣ್ಣಿಡಲು ಇಸ್ರೊ 2022ರ ಜುಲೈನಲ್ಲಿ ಅಲ್ಲೇ ಒಂದು ಕೇಂದ್ರ ತೆರೆದಿದೆ. ಎಲ್ಲಿಗೆ ಸಂದರ್ಶನಕ್ಕೆ ಹೋದರೂ ಒಡೆದ ಪ್ಲೇಟುಗಳನ್ನು, ಅದರಲ್ಲೂ ನಿನ್ನ ಲೆಕ್ಕಕ್ಕಿಂತ ಮೊದಲೇ ಒಡೆದವನ್ನು, ಚೀಲದಲ್ಲಿ ಹಾಕಿಕೊಂಡು ಹೋಗು. ಎದುರಿಗೆ ಕುಳಿತವರು ತಿಳಿದವರಾಗಿದ್ದರೆ ಮೊದಲು ಕೇಳುವುದು ಅವನ್ನೇ.